ಎದುರಾಳಿಗಳ ಪುಸ್ತಕದಲ್ಲಿ ಉಳಿದ ಚಾರ್ವಾಕ

ನಮ್ಮ ಮನೆಯಲ್ಲಿ ಸಾಲದ ಮಾತು ಬಂದಾಗಲೆಲ್ಲ ಅಪ್ಪ ಒಂದು ಹೆಸರು ಎತ್ತುತ್ತಿದ್ದರು. ಪಕ್ಕದ ಬೀದಿಯವರು ಕಂತಿನ ಮೇಲೆ ಸ್ಕೂಟರ್ ತಂದರೂ ಅಷ್ಟೆ, ನೆಂಟರು ಯಾರೋ ಮದುವೆಗೆಂದು ಕೈಗಡ ಮಾಡಿದರೂ ಅಷ್ಟೆ. 'ಚಾರ್ವಾಕರ ಕುಲ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಸಾಲ ಮಾಡಿಯಾದರೂ ತುಪ್ಪ ತಿನ್ನಿ ಎಂದು ಊರಿಗೆಲ್ಲ ಉಪದೇಶ ಮಾಡಿದವರು ಚಾರ್ವಾಕರು ಎಂಬುದು ಅವರಿಗೆ ಗೊತ್ತಿದ್ದ ಇತಿಹಾಸ. ನನಗೂ ಬಹಳ ವರ್ಷ ಗೊತ್ತಿದ್ದದ್ದು ಅಷ್ಟೇ. ಕಾಲೇಜಿನ ಪಠ್ಯದಲ್ಲಿ ಭಾರತೀಯ ದರ್ಶನಗಳ ಪಾಠ ಚಾರ್ವಾಕರಿಂದಲೇ ಶುರುವಾಗುತ್ತಿತ್ತು, ಆದರೆ ಅವರಿಗೆ ಸಿಕ್ಕಿದ್ದು ಅರ್ಧ ಪುಟ. ಮೇಷ್ಟರು ತುಪ್ಪದ ಮಾತು ಹೇಳಿ ನಕ್ಕರು, ನಾವೂ ನಕ್ಕೆವು, ಮುಂದಿನ ತರಗತಿಗೆ ಸಾಂಖ್ಯ ಬಂತು.

ಈ ನಗುವಿನ ಮೂಲ ಎಲ್ಲಿದೆ ಎಂದು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ನಮ್ಮ ಹಂಪೆಯ ಬಳಿಯೇ. 14ನೇ ಶತಮಾನದ ವಿಜಯನಗರದ ಕಾಲದಲ್ಲಿ 'ಸರ್ವದರ್ಶನಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಹುಟ್ಟಿತು. ಸಂಪ್ರದಾಯ ಅದನ್ನು ವಿದ್ಯಾರಣ್ಯರದು ಎನ್ನುತ್ತದೆ. ಅಲ್ಲ, ಸಾಯಣನ ಮಗನಾದ ಇನ್ನೊಬ್ಬ ಮಾಧವನದು ಎನ್ನುವ ವಿದ್ವಾಂಸರೂ ಇದ್ದಾರೆ. ಹದಿನಾರು ದರ್ಶನಗಳನ್ನು ಮೆಟ್ಟಿಲುಗಳಂತೆ ಜೋಡಿಸಿದ ಪುಸ್ತಕ ಅದು. ಕೆಳಗಿನ ಮೆಟ್ಟಿಲಲ್ಲಿ ಚಾರ್ವಾಕ, ಅವನನ್ನು ಖಂಡಿಸಿ ಬೌದ್ಧ, ಬೌದ್ಧನನ್ನು ಖಂಡಿಸಿ ಜೈನ, ಹೀಗೆ ಹತ್ತುತ್ತ ಹೋಗಿ ತುದಿಯಲ್ಲಿ ಶಂಕರರ ಅದ್ವೈತ. ಕಲ್ಕತ್ತದ ಏಷಿಯಾಟಿಕ್ ಸೊಸೈಟಿಗಾಗಿ ಈಶ್ವರಚಂದ್ರ ವಿದ್ಯಾಸಾಗರರು 1850ರ ದಶಕದಲ್ಲಿ ಇದನ್ನು ಅಚ್ಚು ಹಾಕಿಸಿದರು. 1882ರಲ್ಲಿ ಕೋವೆಲ್ ಮತ್ತು ಗಫ್ ಎಂಬಿಬ್ಬರ ಇಂಗ್ಲಿಷ್ ಅನುವಾದ ಬಂತು. ಆಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಚಾರ್ವಾಕರ ಬಗ್ಗೆ ಯಾರು ಬರೆದರೂ ಮೊದಲು ತೆರೆಯುತ್ತಿದ್ದದ್ದು ಈ ಪುಸ್ತಕದ ಮೊದಲ ಅಧ್ಯಾಯವನ್ನೇ.

ಆ ಅಧ್ಯಾಯವನ್ನು ನಾನು ಓದಿದ್ದು ತಡವಾಗಿ. ಓದಿದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ನಾವು ನಕ್ಕ ಆ ಶ್ಲೋಕ ಅಲ್ಲಿ ಎರಡು ಸಲ ಬರುತ್ತದೆ, ಎರಡು ಬೇರೆ ರೂಪದಲ್ಲಿ. ಅಧ್ಯಾಯದ ಆರಂಭದಲ್ಲಿ ಬರುವಾಗ ಅದರ ತಾತ್ಪರ್ಯ ಇಷ್ಟು: ಬದುಕಿರುವಷ್ಟು ದಿನ ಸುಖವಾಗಿ ಬದುಕು, ಸಾವಿನ ಕೈಗೆ ಸಿಗದವರು ಯಾರೂ ಇಲ್ಲ, ಸುಟ್ಟು ಬೂದಿಯಾದ ದೇಹ ಮತ್ತೆ ಬರುವುದಿಲ್ಲ. ಅಧ್ಯಾಯದ ಕೊನೆಯಲ್ಲಿ ಅದೇ ಶ್ಲೋಕ ಮತ್ತೆ ಬರುತ್ತದೆ. ಆದರೆ ಸಾವಿನ ಮಾತು ಇದ್ದ ಜಾಗದಲ್ಲಿ ಈಗ ಸಾಲವೂ ತುಪ್ಪವೂ ಬಂದು ಕೂತಿವೆ. ಚಾರ್ವಾಕರ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಅಧ್ಯಯನ ಮಾಡಿದ ಕಲ್ಕತ್ತದ ವಿದ್ವಾಂಸ ರಾಮಕೃಷ್ಣ ಭಟ್ಟಾಚಾರ್ಯರು ತೋರಿಸಿಕೊಟ್ಟಂತೆ, ಈ ಶ್ಲೋಕವನ್ನು ಉದ್ಧರಿಸುವ ಹಳೆಯ ಗ್ರಂಥಗಳಲ್ಲಿ ಇರುವುದು ಸಾವಿನ ಪಾಠವೇ. ಅಂದರೆ ತುಪ್ಪ ಆಮೇಲೆ ಬಂದದ್ದು. ಯಾರೋ ಎದುರಾಳಿ, ಬಹುಶಃ ಒಳ್ಳೆಯ ಹಾಸ್ಯಪ್ರಜ್ಞೆಯವನೇ ಇರಬೇಕು, ಒಂದು ಪಾದವನ್ನು ತಿದ್ದಿದ. ಮೊದಲಿನದು ಸಾವಿನ ಎದುರು ನಿಂತು ಆಡಿದ ಮಾತು, ಎರಡನೆಯದು ಹೊಟೇಲಿನ ಬಿಲ್ಲು ಕೊಡದೆ ಓಡುವವನ ಮಾತು. ನಮ್ಮ ಮನೆಗೆ, ಪಠ್ಯಕ್ಕೆ, ಗಾದೆಗೆ ಬಂದು ಸೇರಿದ್ದು ಎರಡನೆಯದು.

ಗ್ರೀಸಿನಲ್ಲೂ ಇಂಥದೇ ಒಂದು ಕಥೆ ಇದೆ. ಎಪಿಕ್ಯೂರಸ್ ಎಂಬ ದಾರ್ಶನಿಕ ರೊಟ್ಟಿ ನೀರು ಇದ್ದರೆ ಸಾಕೆನ್ನುತ್ತಿದ್ದ. ಎಂದಾದರೂ ಹಬ್ಬದೂಟ ಮಾಡಬೇಕೆನಿಸಿದರೆ ಒಂದು ಕುಡಿಕೆ ಗಿಣ್ಣು ಕಳಿಸು ಎಂದು ಗೆಳೆಯನಿಗೆ ಬರೆದವನು. ಇಂಥವನ ಹೆಸರು ಇಂದು ಯೂರೋಪಿನ ಭಾಷೆಗಳಲ್ಲಿ ರಸಭಕ್ಷ್ಯದ ಮೋಹಿಗಳಿಗೆ ಅಂಟಿಕೊಂಡಿದೆ. ಅಲ್ಲಿ ಗಿಣ್ಣು, ಇಲ್ಲಿ ತುಪ್ಪ. ದೇಹ ಸತ್ತರೆ ಎಲ್ಲ ಮುಗಿಯಿತು ಎನ್ನುವವನು ತಿಂಡಿಪೋತನೇ ಆಗಿರಬೇಕು ಎಂದು ಉಳಿದವರಿಗೆ ಯಾಕೆ ಅನಿಸುತ್ತದೋ.

ನಮಗೆ ಹೆಸರು ಸಮೇತ ಸಿಗುವ ಅತಿ ಹಳೆಯ ಭೌತಿಕವಾದಿ ತಿಂಡಿಪೋತನಲ್ಲ. ಪಾಲಿ ಭಾಷೆಯ ಸಾಮಞ್ಞಫಲ ಸುತ್ತದಲ್ಲಿ ಮಗಧದ ಅಜಾತಶತ್ರು ಬುದ್ಧನ ಬಳಿ ಕೂತು, ತಾನು ಹಿಂದೆ ಭೇಟಿ ಮಾಡಿದ ಆರು ಜನ ಗುರುಗಳ ಮತವನ್ನು ಹೇಳುತ್ತಾನೆ. ಅವರಲ್ಲೊಬ್ಬ ಅಜಿತ ಕೇಶಕಂಬಲ. ಮನುಷ್ಯ ನಾಲ್ಕು ಭೂತಗಳ ಕೂಡಿಕೆ, ಸತ್ತಾಗ ಮಣ್ಣು ಮಣ್ಣಿಗೆ, ನೀರು ನೀರಿಗೆ ಸೇರುತ್ತದೆ, ಹೆಣ ಹೊತ್ತವರು ಸ್ಮಶಾನದವರೆಗೆ ಮಾತಾಡುತ್ತ ಹೋಗುತ್ತಾರೆ, ಆಮೇಲೆ ಉಳಿಯುವುದು ಪಾರಿವಾಳದ ಬಣ್ಣಕ್ಕೆ ತಿರುಗಿದ ಮೂಳೆ ಎಂಬುದು ಅವನ ಮತ. ಹೆಸರಿನಲ್ಲೇ ಇರುವಂತೆ ಇವನು ಕೂದಲಿನ ಕಂಬಳಿ ಹೊದ್ದು ತಿರುಗುತ್ತಿದ್ದವನು. ಮನುಷ್ಯರ ಕೂದಲಿನಿಂದ ನೇಯ್ದ ಆ ಕಂಬಳಿ ಚಳಿಯಲ್ಲಿ ತಣ್ಣಗೆ, ಬಿಸಿಲಲ್ಲಿ ಬಿಸಿ, ಮೈಗೆ ಒರಟು ಎಂದು ಬೌದ್ಧ ವ್ಯಾಖ್ಯಾನಗಳು ಗೇಲಿ ಮಾಡುತ್ತವೆ. ಪರಲೋಕವಿಲ್ಲ ಎಂದವನು ಇಹಲೋಕದಲ್ಲಿ ಒಂದು ಮೆತ್ತನೆಯ ಬಟ್ಟೆಯನ್ನೂ ಉಡಲಿಲ್ಲ. ತುಪ್ಪವಂತೂ ದೂರದ ಮಾತು.

ಇನ್ನೊಬ್ಬನಿದ್ದಾನೆ, ಪಾಯಾಸಿ. ದೀಘನಿಕಾಯದಲ್ಲಿ ಅವನ ಹೆಸರಿನದೇ ಒಂದು ಸುತ್ತವಿದೆ. ಸೇತವ್ಯದ ಒಡೆಯನಾದ ಈತ ಪರಲೋಕ ಇದೆಯೋ ಇಲ್ಲವೋ ಎಂಬುದನ್ನು ಪರೀಕ್ಷೆ ಮಾಡಿಯೇ ತೀರ್ಮಾನಿಸಲು ಹೊರಟವನು. ಸಾಯುತ್ತಿದ್ದ ಪಾಪಿಷ್ಠ ನೆಂಟರ ಹಾಸಿಗೆಯ ಬಳಿ ಕೂತು, ನರಕಕ್ಕೆ ಹೋದರೆ ಬಂದು ನನಗೆ ತಿಳಿಸಿ ಎಂದು ಮಾತು ತೆಗೆದುಕೊಂಡ. ಯಾರೂ ಬರಲಿಲ್ಲ. ಪುಣ್ಯವಂತರಿಗೂ ಹಾಗೆಯೇ ಹೇಳಿದ, ಅವರೂ ಬರಲಿಲ್ಲ. ಮರಣದಂಡನೆಗೆ ಗುರಿಯಾದ ಒಬ್ಬ ಕಳ್ಳನನ್ನು ಜೀವಂತವಾಗಿ ಹಂಡೆಯಲ್ಲಿ ಹಾಕಿ, ಬಾಯಿಗೆ ಹಸಿ ತೊಗಲು ಬಿಗಿದು, ಮಣ್ಣು ಮೆತ್ತಿ, ಒಲೆಯ ಮೇಲೆ ಇಡಿಸಿದ. ಸತ್ತನೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಮುಚ್ಚಳ ತೆಗೆದು ಜೀವ ಹಾರಿಹೋಗುವುದು ಕಾಣುತ್ತದೆಯೇ ಎಂದು ಬಗ್ಗಿ ನೋಡಿದ. ಏನೂ ಕಾಣಲಿಲ್ಲ. ಇನ್ನೊಬ್ಬನನ್ನು ಬದುಕಿದ್ದಾಗ ತೂಗಿ, ಕೊರಳು ಬಿಗಿದು ಕೊಂದ ಮೇಲೆ ಮತ್ತೆ ತೂಗಿಸಿದ. ಹೆಣವೇ ಭಾರವಾಗಿತ್ತು ಎನ್ನುತ್ತಾನೆ. 1901ರಲ್ಲಿ ಅಮೆರಿಕದ ಡಂಕನ್ ಮ್ಯಾಕ್‌ಡೂಗಲ್ ಎಂಬ ವೈದ್ಯ ಸಾಯುವವರ ಮಂಚವನ್ನೇ ತಕ್ಕಡಿಗೇರಿಸಿ ಆತ್ಮದ ತೂಕ ಕಂಡುಹಿಡಿಯಲು ಹೊರಟಿದ್ದು ನೆನಪಾಗುತ್ತದೆ.

ಪಾಯಾಸಿಯ ಪ್ರಯೋಗಗಳು ಕ್ರೂರ. ಅವುಗಳನ್ನು ಓದುವಾಗ ನನಗೆ ಅವನ ಮೇಲೆ ಪ್ರೀತಿ ಹುಟ್ಟುವುದಿಲ್ಲ. ಆದರೆ ಕುಮಾರ ಕಸ್ಸಪನೆಂಬ ಭಿಕ್ಷು ಅವನಿಗೆ ಕೊಡುವ ಉತ್ತರಗಳನ್ನು ಗಮನಿಸಿ. ಪ್ರತಿ ಪ್ರಯೋಗಕ್ಕೂ ಒಂದು ಉಪಮೆ. ಸೆರೆಮನೆಯಲ್ಲಿರುವ ಕಳ್ಳನಿಗೆ ಮನೆಗೆ ಹೋಗಿಬರಲು ರಜೆ ಕೊಡುತ್ತಾರೆಯೇ? ಹಾಗೆಯೇ ನರಕದವರು. ಕಾದ ಕಬ್ಬಿಣದ ಗುಂಡು ತಣಿದ ಗುಂಡಿಗಿಂತ ಹಗುರವಲ್ಲವೇ? ಹಾಗೆಯೇ ಜೀವವಿರುವ ದೇಹ. ಕೊನೆಗೆ ಪಾಯಾಸಿ ಸೋಲೊಪ್ಪಿಕೊಳ್ಳುತ್ತಾನೆ. ಕಥೆ ಬರೆದವರು ಬೌದ್ಧರು, ಸೋಲಲೇಬೇಕು. ಜೈನರ ರಾಯಪಸೇಣಿಯ ಸೂತ್ರದಲ್ಲೂ ಇದೇ ರಾಜ ಪಏಸಿ ಎಂಬ ಹೆಸರಿನಲ್ಲಿ ಬಂದು, ಅಲ್ಲಿ ಕೇಶಿ ಎಂಬ ಶ್ರಮಣನಿಗೆ ಸೋಲುತ್ತಾನೆ. ಎರಡು ಮತಗಳು ಒಬ್ಬನೇ ನಾಸ್ತಿಕನನ್ನು ಎರಡು ಕಡೆ ಸೋಲಿಸಿವೆ.

ಈಗ ಸರ್ವದರ್ಶನಸಂಗ್ರಹಕ್ಕೆ ಮರಳೋಣ, ಏಕೆಂದರೆ ಆ ಅಧ್ಯಾಯದ ನಡುಭಾಗವನ್ನು ನಮ್ಮ ಮೇಷ್ಟರು ಹೇಳಿಕೊಡಲೇ ಇಲ್ಲ. ತುಪ್ಪದ ಗದ್ದಲದಲ್ಲಿ ಮುಚ್ಚಿಹೋದ ಭಾಗ ಅದು. ಚಾರ್ವಾಕರು ಪ್ರತ್ಯಕ್ಷವೊಂದೇ ಪ್ರಮಾಣ ಎನ್ನುತ್ತಾರೆ, ಅನುಮಾನವನ್ನು ಒಪ್ಪುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಒಪ್ಪುವುದಿಲ್ಲ ಎಂಬುದು ಮುಖ್ಯ. ಬೆಟ್ಟದ ಮೇಲೆ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿ ಇದೆ ಎನ್ನುತ್ತೇವೆ. ಇದು ನಿಲ್ಲಬೇಕಾದರೆ ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ನಿಯಮ ನಮಗೆ ಮೊದಲೇ ಗೊತ್ತಿರಬೇಕು. ಅದನ್ನೇ ನೈಯಾಯಿಕರು ವ್ಯಾಪ್ತಿ ಎನ್ನುತ್ತಾರೆ. ಸರಿ, ಈ 'ಎಲ್ಲೆಲ್ಲ' ಎಂಬುದು ಗೊತ್ತಾದದ್ದು ಹೇಗೆ? ಕಣ್ಣಿಗೆ ಕಂಡದ್ದು ನಮ್ಮ ಅಡುಗೆಮನೆಯ ಒಲೆ, ಇಂದಿನದು ಅಥವಾ ನಿನ್ನೆಯದು. ನಾಳಿನ ಹೊಗೆಯನ್ನಾಗಲಿ, ನಾವು ಕಾಣದ ಊರಿನ ಹೊಗೆಯನ್ನಾಗಲಿ ಕಣ್ಣು ನೋಡಿಲ್ಲ. ಮನಸ್ಸಿಗೆ ತಿಳಿಯುತ್ತದೆ ಎನ್ನೋಣವೆಂದರೆ ಹೊರಗಿನ ವಸ್ತುವಿನ ವಿಷಯದಲ್ಲಿ ಮನಸ್ಸು ಇಂದ್ರಿಯಗಳ ಹಂಗಿನಲ್ಲಿದೆ. ಅನುಮಾನದಿಂದಲೇ ತಿಳಿಯಿತು ಎಂದರೆ ಆ ಅನುಮಾನಕ್ಕೆ ಇನ್ನೊಂದು ವ್ಯಾಪ್ತಿ ಬೇಕು, ಅದಕ್ಕೆ ಮತ್ತೊಂದು, ಇದಕ್ಕೆ ಕೊನೆಯಿಲ್ಲ. ಹಿರಿಯರು ಹೇಳಿದರು, ನಂಬಿದೆವು ಎನ್ನೋಣವೇ? ಹಿರಿಯರ ಮಾತಿನ ಅರ್ಥ ಮಗುವಿಗೆ ತಿಳಿಯುವುದೂ ಅವರ ನಡವಳಿಕೆಯನ್ನು ನೋಡಿ ಮಾಡಿದ ಅನುಮಾನದಿಂದಲೇ. ಹಾಗಾದರೆ ಹೊಗೆ ನೋಡಿ ಬೆಂಕಿ ಹುಡುಕಿ ಹೋದವನಿಗೆ ಬೆಂಕಿ ಸಿಗುತ್ತದಲ್ಲ? ಸಿಗುತ್ತದೆ, ಹಿಂದಿನ ಅನುಭವದ ರೂಢಿಯಿಂದ ಹೋಗುತ್ತಾನೆ, ಎಷ್ಟೋ ಸಲ ಸಿಗುತ್ತದೆ, ಮಣಿ ಮಂತ್ರ ಔಷಧಗಳು ಒಮ್ಮೊಮ್ಮೆ ಫಲಿಸಿದ ಹಾಗೆ.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1739ರಲ್ಲಿ ಅಚ್ಚಾದ ತನ್ನ ಮೊದಲ ಪುಸ್ತಕದಲ್ಲಿ ಬಹುಮಟ್ಟಿಗೆ ಇದೇ ಪ್ರಶ್ನೆ ಕೇಳಿದ. ಇಲ್ಲಿಯವರೆಗೆ ಸೂರ್ಯ ಹುಟ್ಟಿದ್ದು ನಾಳೆಯೂ ಹುಟ್ಟುತ್ತಾನೆ ಎಂಬುದಕ್ಕೆ ತರ್ಕದ ಆಧಾರವಾಗುವುದು ಹೇಗೆ ಎಂದ. ಅವನ ಉತ್ತರವೂ ರೂಢಿಯೇ. ಇಬ್ಬರೂ ಹೇಳಿದ್ದು ಒಂದೇ ಎಂದು ಎದೆಯುಬ್ಬಿಸಿಕೊಳ್ಳುವ ಚಟ ನನಗಿಲ್ಲ, ಅವರು ಹೊರಟ ಜಾಗ ಬೇರೆ, ಜಗಳವಾಡಿದ ಜನ ಬೇರೆ. ಆದರೆ ಹ್ಯೂಮನ ಪ್ರಶ್ನೆಗೆ ತತ್ವಶಾಸ್ತ್ರದ ತರಗತಿಗಳಲ್ಲಿ ವಾರಗಟ್ಟಲೆ ಸಮಯ ಸಿಗುತ್ತದೆ, ಚಾರ್ವಾಕನಿಗೆ ಅರ್ಧ ಪುಟ.

ಹಳೆಯ ಕಾಲದ ಪಂಡಿತರು ಹಾಗೆ ನಕ್ಕು ಬಿಡಲಿಲ್ಲ ಎಂಬುದನ್ನೂ ಹೇಳಬೇಕು. ನ್ಯಾಯಕುಸುಮಾಂಜಲಿ ಬರೆದ ಉದಯನ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡು ಉತ್ತರಿಸಿದ. ನಾಳೆ ಬೇರೆ ಊರಿನಲ್ಲಿ ಹೊಗೆಗೆ ಬೆಂಕಿ ತಪ್ಪಬಹುದು ಎಂದು ಸಂಶಯಪಡುವವನು ನಾಳೆ ಎಂಬುದೊಂದಿದೆ, ಬೇರೆ ಊರು ಎಂಬುದೊಂದಿದೆ ಎಂದು ಆಗಲೇ ಅನುಮಾನದಿಂದ ಒಪ್ಪಿಕೊಂಡಿದ್ದಾನೆ. ಸಂಶಯ ಎಂಬುದು ನಮ್ಮ ನಡೆಯೊಡನೆ ಡಿಕ್ಕಿ ಹೊಡೆಯುವವರೆಗೆ ಮಾತ್ರ ಓಡಬಲ್ಲದು. ಹಸಿವಾದಾಗ ಉಣ್ಣಲು ಕೂರುವವನು ಊಟದಿಂದ ಹಸಿವು ಹಿಂಗುತ್ತದೆಯೋ ಇಲ್ಲವೋ ಎಂದು ಸಂಶಯಪಡುತ್ತ ಕೂರುವುದಿಲ್ಲ. ಇದು ಘನವಾದ ಉತ್ತರ. ಮುಂದೆ 12ನೇ ಶತಮಾನದ ಶ್ರೀಹರ್ಷ ಉದಯನನ ಮಾತನ್ನೇ ತಿರುಗಿಸಿ ಹೊಡೆದ, ಗಂಗೇಶ ಅದಕ್ಕೆ ಮತ್ತೆ ಉತ್ತರ ಕೊಟ್ಟ, ಹಾಗೆ ನವ್ಯನ್ಯಾಯ ಬೆಳೆಯಿತು. ಚಾರ್ವಾಕನ ಚುಚ್ಚು ಇಲ್ಲದಿದ್ದರೆ ಈ ದೇಶದ ತರ್ಕಶಾಸ್ತ್ರ ಇಷ್ಟು ಚೂಪಾಗುತ್ತಿರಲಿಲ್ಲ ಎಂಬುದು ನನ್ನ ಗಟ್ಟಿಯಾದ ಅನಿಸಿಕೆ.

ಎಲ್ಲ ಚಾರ್ವಾಕರೂ ಅನುಮಾನವನ್ನು ಪೂರ್ತಿ ತಳ್ಳಿಹಾಕಿದವರೂ ಅಲ್ಲ. ಪುರಂದರನೆಂಬ ಚಾರ್ವಾಕ, ಲೋಕವ್ಯವಹಾರದಲ್ಲಿ ನಡೆಯುವ ಅನುಮಾನವನ್ನು ನಾವೂ ಒಪ್ಪುತ್ತೇವೆ, ಲೋಕದ ಗಡಿ ದಾಟಿ ಪರಲೋಕಕ್ಕೆ ಜಿಗಿಯುವ ಅನುಮಾನವನ್ನು ಮಾತ್ರ ಒಪ್ಪುವುದಿಲ್ಲ ಎಂದಿದ್ದ. ಅವನ ಈ ಮಾತು ನಮಗೆ ಸಿಗುವುದು 8ನೇ ಶತಮಾನದ ಬೌದ್ಧ ಪಂಡಿತ ಕಮಲಶೀಲನ ವ್ಯಾಖ್ಯಾನದಲ್ಲಿ. ಕಾಶ್ಮೀರದ ಜಯಂತಭಟ್ಟ ತನ್ನ ನ್ಯಾಯಮಂಜರಿಯಲ್ಲಿ ಧೂರ್ತ ಚಾರ್ವಾಕ, ಸುಶಿಕ್ಷಿತ ಚಾರ್ವಾಕ ಎಂದು ಎರಡು ಬಗೆ ಹೇಳುತ್ತಾನೆ. 'ಸುಶಿಕ್ಷಿತ' ಎಂಬ ಮಾತನ್ನು ವ್ಯಂಗ್ಯವಾಗಿ ಆಡಿದನೋ ಮೆಚ್ಚಿ ಆಡಿದನೋ, ಅವರೊಳಗೇ ಪಂಗಡಗಳಿದ್ದವು, ವಾದಗಳಿದ್ದವು, ವ್ಯಾಖ್ಯಾನಕಾರರಿದ್ದರು ಎಂಬುದಂತೂ ಅದರಿಂದ ತಿಳಿಯುತ್ತದೆ. ಪತಂಜಲಿಯ ಮಹಾಭಾಷ್ಯದಲ್ಲಿ ಲೋಕಾಯತಕ್ಕೆ ಭಾಗುರಿ ಎಂಬ ವ್ಯಾಖ್ಯಾನವಿತ್ತೆಂಬ ಪ್ರಸ್ತಾಪ ಬರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ರಾಜನು ಕಲಿಯಬೇಕಾದ ಆನ್ವೀಕ್ಷಿಕಿಯಲ್ಲಿ ಸಾಂಖ್ಯ, ಯೋಗಗಳ ಸಾಲಿನಲ್ಲೇ ಲೋಕಾಯತವನ್ನೂ ಇಡುತ್ತದೆ. ಅಲ್ಲಿಯ ಲೋಕಾಯತ ಎಂದರೆ ಇದೇ ಭೌತಿಕವಾದವೋ ಬರಿಯ ವಾದವಿದ್ಯೆಯೋ ಎಂಬ ಚರ್ಚೆ ಮುಗಿದಿಲ್ಲ. ಅಂದಹಾಗೆ, ಆ ಅರ್ಥಶಾಸ್ತ್ರವೂ ಕಳೆದುಹೋಗಿದ್ದ ಪುಸ್ತಕವೇ. ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ತಾಳೆಗರಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದರಿಂದ ಅದು ಲೋಕಕ್ಕೆ ಮರಳಿತು. ಚಾರ್ವಾಕರ ಮೂಲವಾದ ಬಾರ್ಹಸ್ಪತ್ಯ ಸೂತ್ರಗಳಿಗೆ ಅಂಥ ಒಬ್ಬ ಶಾಮಾಶಾಸ್ತ್ರಿ ಸಿಗಲಿಲ್ಲ.

ಕನ್ನಡದ ಓದುಗರಿಗೆ ಚಾರ್ವಾಕ ಹೊಸಬನೇನಲ್ಲ. 941ರ ಹೊತ್ತಿಗೇ ಅವನು ಕನ್ನಡದಲ್ಲಿ ಮಂತ್ರಿಯಾಗಿ ಕೂತಿದ್ದ. ಪಂಪನ ಆದಿಪುರಾಣದಲ್ಲಿ ಮುಂದೆ ವೃಷಭನಾಥನಾಗಿ ಹುಟ್ಟಲಿರುವ ಜೀವ ಅಳಕಾಪುರದ ಮಹಾಬಳನೆಂಬ ವಿದ್ಯಾಧರ ದೊರೆಯಾಗಿರುತ್ತದೆ. ಅವನಿಗೆ ನಾಲ್ವರು ಮಂತ್ರಿಗಳು. ಸ್ವಯಂಬುದ್ಧ ಜೈನ. ಮಹಾಮತಿ ಭೂತವಾದಿ, ಸಂಭಿನ್ನಮತಿ ವಿಜ್ಞಾನವಾದಿ, ಶತಮತಿ ಶೂನ್ಯವಾದಿ. ದೊರೆಯ ಎದುರು ಅವರ ನಡುವೆ ವಾದ ಹತ್ತುತ್ತದೆ. ಪಂಪ ಅನುಸರಿಸಿದ ಜಿನಸೇನರ ಸಂಸ್ಕೃತ ಪುರಾಣದಲ್ಲಿ ಈ ವಾದ ಇನ್ನೂ ವಿಸ್ತಾರವಾಗಿದೆ. ಬೆಲ್ಲ ಹಿಟ್ಟು ಮೊದಲಾದವು ಸೇರಿದಾಗ ಯಾವುದರಲ್ಲೂ ಬಿಡಿಯಾಗಿ ಇಲ್ಲದ ಅಮಲು ಹುಟ್ಟುವಂತೆ, ಭೂತಗಳು ಸೇರಿದಾಗ ಚೈತನ್ಯ ಹುಟ್ಟುತ್ತದೆ, ದೇಹ ಬಿಟ್ಟು ಜೀವ ಬೇರೆಯಿಲ್ಲ ಎಂಬುದು ಮಹಾಮತಿಯ ಪಕ್ಷ. ಸ್ವಯಂಬುದ್ಧ ತರ್ಕದಿಂದಲೂ ಉತ್ತರಿಸುತ್ತಾನೆ, ಆಮೇಲೆ ದೊರೆಯ ವಂಶದ ಹಿರಿಯರ ಕಥೆಗಳನ್ನು ಹೇಳುತ್ತಾನೆ: ನೆತ್ತರಿನ ಕೊಳದಲ್ಲಿ ಮೀಯಬಯಸಿ ಕೆಟ್ಟ ಅರವಿಂದನದು, ಸತ್ತು ತನ್ನ ಭಂಡಾರದಲ್ಲೇ ಹೆಬ್ಬಾವಾಗಿ ಹುಟ್ಟಿದ ದಂಡನದು. ದೊರೆಯ ಮನಸ್ಸು ಗೆಲ್ಲುವುದು ಕಥೆಗಳೇ. ಕಾವ್ಯವೆಂದ ಮೇಲೆ ಹಾಗೆಯೇ ಆಗಬೇಕು.

ಜಿನಸೇನರಲ್ಲಿ ಈ ಮಂತ್ರಿಗಳ ಮುಂದಿನ ಗತಿಯೂ ಬರುತ್ತದೆ. ಶೂನ್ಯವಾದಿ ಶತಮತಿ ಎರಡನೆಯ ನರಕಕ್ಕೆ ಬೀಳುತ್ತಾನೆ. ದೇವನಾಗಿ ಹುಟ್ಟಿದ ಹಳೆಯ ದೊರೆ ಅಲ್ಲಿಗೇ ಹೋಗಿ ಅವನಿಗೆ ಧರ್ಮ ಹೇಳಿ ಬರುತ್ತಾನೆ. ಮಹಾಮತಿ ಮತ್ತು ಸಂಭಿನ್ನಮತಿ ನಿಗೋದಕ್ಕೆ ಹೋಗುತ್ತಾರೆ. ಅಲ್ಲಿ ಜೀವ ಎಷ್ಟು ಜಡವಾಗಿರುತ್ತದೆಂದರೆ ಉಪದೇಶವನ್ನೂ ತಲುಪಿಸುವಂತಿಲ್ಲ. ನರಕದಲ್ಲಾದರೂ ಮಾತಿಗೆ ಅವಕಾಶವಿದೆ, ಚಾರ್ವಾಕನಿಗೆ ಅದೂ ಇಲ್ಲ. ಆದರೂ ನನಗೆ ಜಿನಸೇನ, ಪಂಪರ ಮೇಲೆ ಗೌರವ ಕಡಿಮೆಯಾಗುವುದಿಲ್ಲ. ಅವರು ಮಹಾಮತಿಯನ್ನು ಸಭೆಯ ಹೊರಗೆ ನಿಲ್ಲಿಸಲಿಲ್ಲ. ಮಂತ್ರಿಪದವಿ ಕೊಟ್ಟು, ಒಳ್ಳೆಯ ಉಪಮೆ ಕೊಟ್ಟು, ಮಾತಾಡಲು ಬಿಟ್ಟು ಆಮೇಲೆ ಸೋಲಿಸಿದರು. ಪೂರ್ವಪಕ್ಷ ಎಂದರೆ ಇದೇ. ಎದುರಾಳಿ ತಾನೇ ಹೇಳಿಕೊಳ್ಳುವುದಕ್ಕಿಂತ ಚೆನ್ನಾಗಿ ಅವನ ವಾದವನ್ನು ಹೇಳಬೇಕು, ಆಮೇಲೆ ಖಂಡಿಸಬೇಕು. ಈ ಶಿಸ್ತು ಇದ್ದದ್ದರಿಂದಲೇ ಚಾರ್ವಾಕನ ಪುಸ್ತಕಗಳು ಹೋದರೂ ಚಾರ್ವಾಕ ಉಳಿದ. ಶಿಸ್ತು ಸಡಿಲಾದ ಕಡೆ ತುಪ್ಪ ಬಂತು.

ಪುಸ್ತಕಗಳು ಹೋದದ್ದು ಹೇಗೆ? ಬ್ರಾಹ್ಮಣರು ಸುಟ್ಟರು ಎಂದು ಕೆಲವರು ಸಲೀಸಾಗಿ ಹೇಳುತ್ತಾರೆ. ಸುಟ್ಟಿದ್ದಕ್ಕೆ ದಾಖಲೆಯಿಲ್ಲ. ನನಗೆ ತೋರುವ ಕಾರಣ ಅದಕ್ಕಿಂತ ಸಪ್ಪೆಯಾದದ್ದು. ತಾಳೆಗರಿ ನಮ್ಮ ಹವೆಯಲ್ಲಿ ಕೆಲವು ನೂರು ವರ್ಷ ಬಾಳಿದರೆ ಹೆಚ್ಚು. ಹುಳ ಹಿಡಿಯುವ ಮೊದಲು ಯಾರಾದರೂ ಕೂತು ಪ್ರತಿ ಮಾಡಬೇಕು, ಮಾಡಿಸಲು ಯಾರಾದರೂ ಹಣ ಕೊಡಬೇಕು. ದಾನಚಿಂತಾಮಣಿ ಅತ್ತಿಮಬ್ಬೆ 10ನೇ ಶತಮಾನದ ಕೊನೆಯಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಶಾಸ್ತ್ರದಾನ ಪುಣ್ಯದ ಕೆಲಸ, ಆ ಪುಣ್ಯಕ್ಕೆ ಮುಂದೊಂದು ಜನ್ಮದಲ್ಲಿ ಫಲವಿದೆ. ಪುಣ್ಯವೇ ಇಲ್ಲ, ಮುಂದಿನ ಜನ್ಮವೇ ಇಲ್ಲ ಎನ್ನುವ ಪುಸ್ತಕವನ್ನು ಯಾವ ಅತ್ತಿಮಬ್ಬೆ ಪ್ರತಿ ಮಾಡಿಸುತ್ತಾಳೆ? ಚಾರ್ವಾಕರಿಗೆ ಮಠವಿರಲಿಲ್ಲ, ಬಸದಿಯಿರಲಿಲ್ಲ, ವಿಹಾರವಿರಲಿಲ್ಲ. ಬೇಡವೆಂದವರೂ ಅವರೇ.

ಹಾಗಿದ್ದೂ ಒಂದು ಪುಸ್ತಕ ಉಳಿದಿತ್ತು. 1926ರಲ್ಲಿ ಗುಜರಾತಿನ ಪಾಟಣದ ಜೈನ ಭಂಡಾರವೊಂದರಲ್ಲಿ 'ತತ್ತ್ವೋಪಪ್ಲವಸಿಂಹ' ಎಂಬ ತಾಳೆಗರಿ ಸಿಕ್ಕಿತು. ಬರೆದವನು ಜಯರಾಶಿ ಭಟ್ಟ, ಕಾಲ ಸುಮಾರು 8 ಅಥವಾ 9ನೇ ಶತಮಾನ. ಬೃಹಸ್ಪತಿಯನ್ನು ಗೌರವದಿಂದ ಹೆಸರಿಸುವ ಈತ ಅನುಮಾನವನ್ನಷ್ಟೇ ಅಲ್ಲ, ಪ್ರತ್ಯಕ್ಷವನ್ನೂ ಬಿಡದೆ ಎಲ್ಲ ಪ್ರಮಾಣಗಳನ್ನೂ ಒಂದೊಂದಾಗಿ ಕೆಡವುತ್ತಾನೆ. ಹಾಗಾಗಿ ಇವನು ಚಾರ್ವಾಕನೋ ಅದಕ್ಕೂ ಒಂದು ಹೆಜ್ಜೆ ಮುಂದೆ ಹೋದ ಸಂದೇಹವಾದಿಯೋ ಎಂಬ ಜಗಳ ಇಂದಿಗೂ ಇದೆ. ಜೈನ ತಾರ್ಕಿಕರು ಉಳಿದ ಮತದವರನ್ನು ಸೋಲಿಸಲು ಇವನ ಆಯುಧಗಳನ್ನು ಎರವಲು ಪಡೆದಿದ್ದರು, ಆದ್ದರಿಂದ ಜೋಪಾನ ಮಾಡಿದರು. 1940ರಲ್ಲಿ ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಇದನ್ನು ಸಂಪಾದಿಸಿ ಹೊರತಂದವರು ಪಂಡಿತ ಸುಖಲಾಲಜಿ ಸಂಘವಿ ಮತ್ತು ರಸಿಕಲಾಲ ಪರೀಖ್. ಸುಖಲಾಲಜಿ ಹದಿನಾರನೆಯ ವಯಸ್ಸಿನಲ್ಲಿ ಸಿಡುಬಿನಿಂದ ಎರಡೂ ಕಣ್ಣು ಕಳೆದುಕೊಂಡವರು. ಇತರರಿಂದ ಓದಿಸಿ, ಕೇಳಿ, ನೆನಪಿನಲ್ಲಿಟ್ಟುಕೊಂಡು ಶಾಸ್ತ್ರಗಳನ್ನು ಕಲಿತವರು. ಕಣ್ಣಿಗೆ ಕಂಡದ್ದೇ ಪ್ರಮಾಣ ಎಂಬ ಪಂಥದ ಕಡೆಯದೆನ್ನಲಾದ ಒಂದೇ ಒಂದು ಪುಸ್ತಕ ಕಣ್ಣಿಲ್ಲದ ಒಬ್ಬ ಜೈನ ಪಂಡಿತರ ಶ್ರಮದಿಂದ ನಮ್ಮ ಕೈಗೆ ಬಂತು.

20ನೇ ಶತಮಾನದಲ್ಲಿ ಚಾರ್ವಾಕರಿಗೆ ಗೆಳೆಯರೂ ಸಿಕ್ಕರು. ದೇವೀಪ್ರಸಾದ ಚಟ್ಟೋಪಾಧ್ಯಾಯರ 'ಲೋಕಾಯತ' 1959ರಲ್ಲಿ ಬಂದಾಗ ಅದು ದುಡಿಯುವ ಜನರ ಮೂಲ ದರ್ಶನ ಎಂಬ ವಾದಕ್ಕೆ ಬಲ ಬಂತು. ಓದಬೇಕಾದ ಪುಸ್ತಕ. ಆದರೆ ಶತ್ರುಗಳು ಚಾರ್ವಾಕನ ಬಾಯಿಗೆ ತುಪ್ಪ ಹಾಕಿದರೆ ಗೆಳೆಯರು ಅವನ ಕೈಗೆ ಬಾವುಟ ಕೊಟ್ಟರೇನೋ ಎಂದು ನನಗೆ ಆಗಾಗ ಅನಿಸಿದೆ. ಅಕ್ಬರನ ಫತೇಪುರ್ ಸಿಕ್ರಿಯ ಇಬಾದತ್‌ಖಾನಾದಲ್ಲಿ ಸೂಫಿ, ಬ್ರಾಹ್ಮಣ, ಜೈನ, ಕ್ರೈಸ್ತ, ಯಹೂದಿ, ಪಾರ್ಸಿಗಳ ಜೊತೆ ಚಾರ್ವಾಕರೂ ಚರ್ಚೆಗೆ ಕೂತಿದ್ದರು ಎಂದು ಅಬುಲ್ ಫಜಲ್ ಬರೆಯುತ್ತಾನೆ. ಆ ಜನ ಬಾವುಟವಿಲ್ಲದೆ, ತುಪ್ಪವಿಲ್ಲದೆ ಏನು ಮಾತಾಡಿದರು ಎಂದು ಕೇಳಿಸಿಕೊಳ್ಳುವ ಆಸೆ ನನಗೆ.

ಚಾರ್ವಾಕ ಎಂಬ ಹೆಸರಿನವನು ಮಹಾಭಾರತದಲ್ಲೂ ಒಮ್ಮೆ ಬರುತ್ತಾನೆ, ಶಾಂತಿಪರ್ವದಲ್ಲಿ. ಯುದ್ಧ ಮುಗಿದು ಯುಧಿಷ್ಠಿರ ಹಸ್ತಿನಾವತಿಯನ್ನು ಪ್ರವೇಶಿಸುತ್ತಿದ್ದಾನೆ. ಬ್ರಾಹ್ಮಣರು ಆಶೀರ್ವಾದ ಮಾಡುತ್ತಿದ್ದಾರೆ. ಅವರ ಗುಂಪಿನಿಂದ ಒಬ್ಬ ಸನ್ಯಾಸಿ ಮುಂದೆ ಬಂದು, ಬಂಧುಗಳನ್ನೂ ಗುರುಗಳನ್ನೂ ಕೊಂದ ನಿನಗೆ ಧಿಕ್ಕಾರ, ನೀನು ಬದುಕಿ ಏನು ಫಲ ಎನ್ನುತ್ತಾನೆ. ಇವನು ದುರ್ಯೋಧನನ ಗೆಳೆಯ, ಚಾರ್ವಾಕನೆಂಬ ರಾಕ್ಷಸ, ವೇಷ ಹಾಕಿ ಬಂದಿದ್ದಾನೆ ಎಂದು ಬ್ರಾಹ್ಮಣರು ಹೂಂಕಾರದಿಂದಲೇ ಅವನನ್ನು ಸುಟ್ಟುಬಿಡುತ್ತಾರೆ. ಅವನ ಮಾತಿನಲ್ಲಿ ಪರಲೋಕವಿಲ್ಲ ಎಂಬ ವಾದವಿಲ್ಲ, ಸುಖಪಡು ಎಂಬ ಉಪದೇಶವಿಲ್ಲ. ಅವನು ಹೇಳಿದ್ದನ್ನೇ ಅದಕ್ಕೆ ಸ್ವಲ್ಪ ಮೊದಲು ಯುಧಿಷ್ಠಿರ ತಾನೇ ಹೇಳಿಕೊಂಡು ಅತ್ತಿದ್ದ.

ಸರ್ವದರ್ಶನಸಂಗ್ರಹದ ಅಧ್ಯಾಯದ ಕೊನೆಯಲ್ಲಿ ಶ್ರಾದ್ಧದ ಬಗ್ಗೆ ಒಂದು ಪ್ರಶ್ನೆ ಬರುತ್ತದೆ. ಇಲ್ಲಿ ಇಟ್ಟ ಅನ್ನ ಸತ್ತವರಿಗೆ ತಲುಪುವುದಾದರೆ ಊರಿಗೆ ಹೊರಟವನಿಗೆ ಬುತ್ತಿ ಕಟ್ಟಿಕೊಡುವುದು ಯಾಕೆ, ಮನೆಯಲ್ಲೇ ಬಡಿಸಿಬಿಡಬಹುದಲ್ಲ ಎಂಬ ತಾತ್ಪರ್ಯದ್ದು. ರಾಮಾಯಣದ ಅಯೋಧ್ಯಾಕಾಂಡದಲ್ಲಿ ಜಾಬಾಲಿ ರಾಮನನ್ನು ಕಾಡಿನಿಂದ ಹಿಂದಕ್ಕೆ ಕರೆಯಲು ಇದನ್ನೇ ಕೇಳುತ್ತಾನೆ. ರಾಮ ಸಿಟ್ಟಾಗುತ್ತಾನೆ, ಜಾಬಾಲಿ ಕೂಡಲೇ ನಾನು ನಾಸ್ತಿಕನಲ್ಲ ಎಂದು ಹಿಂದೆ ಸರಿಯುತ್ತಾನೆ, ವಸಿಷ್ಠರು ನಡುವೆ ಬಂದು ಸಮಾಧಾನ ಮಾಡುತ್ತಾರೆ. ತಂದೆಯನ್ನು ಕಳೆದುಕೊಂಡು ಕೆಲವೇ ದಿನವಾದ ಮಗನಿಗೆ ಕೇಳಿದ ಪ್ರಶ್ನೆ ಅದು. ರಾಮನ ಸಿಟ್ಟು ನನಗೆ ಅರ್ಥವಾಗುತ್ತದೆ. ಜಾಬಾಲಿಯ ಪ್ರಶ್ನೆಯೂ ಅರ್ಥವಾಗುತ್ತದೆ.

ನಮ್ಮಪ್ಪ ಬುತ್ತಿಯಿಲ್ಲದೆ ಬಸ್ಸು ಹತ್ತಿದವರಲ್ಲ. ನಾಲ್ಕು ಗಂಟೆಯ ಪ್ರಯಾಣಕ್ಕೂ ಬಾಳೆಲೆಯಲ್ಲಿ ಸುತ್ತಿದ ಮೊಸರನ್ನ ಬೇಕಿತ್ತು, ಹೊಟೇಲಿನ ದುಡ್ಡು ದಂಡ ಎನ್ನುತ್ತಿದ್ದರು. ಅವರ ವರ್ಷಾಂತದ ದಿನ ಹಿತ್ತಲಿನಲ್ಲಿ ಎಲೆಯ ಮೇಲೆ ಪಿಂಡವಿಟ್ಟು ಕಾಗೆಗಾಗಿ ಕಾಯುತ್ತ ನಿಂತಿದ್ದಾಗ ನನಗೆ ಆ ಬುತ್ತಿಯ ಪ್ರಶ್ನೆ ನೆನಪಾಯಿತು. ಉತ್ತರ ಹೊಳೆಯಲಿಲ್ಲ, ಆದರೆ ನಿಂತ ಜಾಗದಿಂದ ಕದಲಲೂ ಇಲ್ಲ. ಕಾಗೆ ತಡವಾಗಿ ಬಂತು. ಒಳಗೆ ಬಡಿಸುವ ಹೊತ್ತಿಗೆ ತುಪ್ಪ ಸಾಲದೆ ಬಂದು, ಮೂಲೆಯ ಅಂಗಡಿಯಿಂದ ಅರ್ಧ ಕೆ.ಜಿ. ಕಡ ತರಿಸಿದೆವು. ದುಡ್ಡು ಸಂಜೆ ಕೊಟ್ಟು ಬಂದೆ.